ಪದವಿಯ ನಡುವೆ ಒಂದು ವರ್ಷದ ದುಡಿಮೆ

ಬ್ರಿಟನ್ನಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಮೂರು ವರ್ಷದ ಪದವಿ ನಾಲ್ಕು ವರ್ಷಕ್ಕೆ ಮುಗಿಯುವುದುಂಟು. ನಪಾಸಾಗಿ ವರ್ಷ ಕಳೆದುಕೊಂಡದ್ದರಿಂದಲ್ಲ. ವಿದ್ಯಾರ್ಥಿ ಎರಡು ವರ್ಷ ತರಗತಿಯಲ್ಲಿ ಓದುತ್ತಾನೆ, ಮೂರನೆಯ ವರ್ಷ ಯಾವುದಾದರೂ ಕಾರ್ಖಾನೆ, ಪ್ರಯೋಗಾಲಯ, ಬ್ಯಾಂಕು ಅಥವಾ ಕಚೇರಿಯಲ್ಲಿ ಪೂರ್ಣಾವಧಿ ಕೆಲಸ ಮಾಡುತ್ತಾನೆ, ಆಮೇಲೆ ಕೊನೆಯ ವರ್ಷದ ಓದಿಗೆ ಮರಳುತ್ತಾನೆ. ಎರಡು ಹೋಳು ಬ್ರೆಡ್ಡಿನ ನಡುವೆ ಪಲ್ಯ ಇಟ್ಟಂತೆ ಎರಡು ಕಡೆ ಓದು, ನಡುವೆ ದುಡಿಮೆ ಇರುವುದರಿಂದ ಇದಕ್ಕೆ ಸ್ಯಾಂಡ್‌ವಿಚ್ ಕೋರ್ಸ್ ಎಂದು ಹೆಸರು. ನಡುವಣ ವರ್ಷವನ್ನು ಅಲ್ಲಿ ಪ್ಲೇಸ್‌ಮೆಂಟ್ ವರ್ಷ ಎನ್ನುತ್ತಾರೆ.

ಈ ಮಾತು ಕನ್ನಡಿಗರನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ‘ಮಗಳಿಗೆ ಪ್ಲೇಸ್‌ಮೆಂಟ್ ಆಯಿತು’ ಎಂದರೆ ಕಂಪನಿಯೊಂದು ಕ್ಯಾಂಪಸ್ಸಿಗೆ ಬಂದು ಅವಳನ್ನು ಕೆಲಸಕ್ಕೆ ಆರಿಸಿಕೊಂಡಿತು ಎಂದರ್ಥ. ಅದು ಓದು ಮುಗಿಯುವುದರ ಸೂಚನೆ. ಬ್ರಿಟನ್ನಿನಲ್ಲಿ ಅದೇ ಮಾತಿಗೆ ಓದಿನ ನಡುವಣ ತಾತ್ಕಾಲಿಕ ದುಡಿಮೆ ಎಂಬ ಅರ್ಥ. ವರ್ಷ ಮುಗಿದ ಮೇಲೆ ಆ ಕೆಲಸ ಇರುವುದಿಲ್ಲ, ವಿದ್ಯಾರ್ಥಿ ಪರೀಕ್ಷೆಗೆ ಕೂರಲೇಬೇಕು. ಎರಡು ಅರ್ಥಗಳ ನಡುವಣ ಅಂತರ ತಿಳಿಯದೆ ವಿದೇಶದ ಓದಿಗೆ ಲಕ್ಷಾಂತರ ರೂಪಾಯಿ ಹೂಡುವ ಕುಟುಂಬಗಳಿರುವುದರಿಂದ ಈ ಪದ್ಧತಿ ಹೇಗೆ ಹುಟ್ಟಿತು, ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯುವುದು ಒಳ್ಳೆಯದು.

ಸ್ಯಾಂಡ್‌ವಿಚ್ ಕೋರ್ಸಿನ ತವರು ಇಂಗ್ಲೆಂಡಿನ ಈಶಾನ್ಯದಲ್ಲಿರುವ ಸಂಡರ್ಲ್ಯಾಂಡ್. ವೇರ್ ನದಿಯ ದಡದ ಈ ಊರು ಹಡಗು ಕಟ್ಟುವುದಕ್ಕೆ ಹೆಸರಾಗಿತ್ತು. 1901ರಲ್ಲಿ ಅಲ್ಲಿ ತಾಂತ್ರಿಕ ಕಾಲೇಜು ತೆರೆಯಿತು. ಸುತ್ತಲಿನ ಇಂಜಿನಿಯರಿಂಗ್ ಕಾರ್ಖಾನೆಗಳಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗರು ವರ್ಷದ ಒಂದು ಭಾಗ ಕಾಲೇಜಿಗೆ ಬಂದು ಓದಿ, ಉಳಿದ ಭಾಗ ಕಾರ್ಖಾನೆಗೆ ಮರಳುವ ಏರ್ಪಾಡು 1903ರಲ್ಲಿ ಶುರುವಾಯಿತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು: ಆ ಹುಡುಗರು ಮೊದಲು ಕೆಲಸಗಾರರು, ಆಮೇಲೆ ವಿದ್ಯಾರ್ಥಿಗಳು. ಕೆಲಸ ಕೈಯಲ್ಲಿತ್ತು, ಓದು ಅದಕ್ಕೆ ಬಂದು ಸೇರಿತು.

ಮೂರೇ ವರ್ಷಗಳ ನಂತರ, 1906ರಲ್ಲಿ, ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬ ಇಂಜಿನಿಯರಿಂಗ್ ಪ್ರಾಧ್ಯಾಪಕ ಅದೇ ದಿಕ್ಕಿನ ಪ್ರಯೋಗ ಮಾಡಿದರು. ಓದುವಾಗಲೇ ಎಲ್ಲಾದರೂ ದುಡಿದಿದ್ದ ಪದವೀಧರರು ಮುಂದೆ ಒಳ್ಳೆಯ ಇಂಜಿನಿಯರುಗಳಾಗುವುದನ್ನು ಅವರು ಕಂಡಿದ್ದರು. 27 ವಿದ್ಯಾರ್ಥಿಗಳೊಂದಿಗೆ ಆರಂಭವಾದ ಆ ಯೋಜನೆಯಲ್ಲಿ ಒಂದು ವಾರ ತರಗತಿಯಾದರೆ ಮರುವಾರ ಕಾರ್ಖಾನೆ. ಕೋ-ಆಪ್ ಎಂದು ಕರೆಸಿಕೊಳ್ಳುವ ಈ ಪದ್ಧತಿ ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಬೇರು ಬಿಟ್ಟಿತು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯವಂತೂ 1957ರಲ್ಲಿ ಹುಟ್ಟಿದ್ದೇ ಇದನ್ನು ಬುನಾದಿಯಾಗಿಟ್ಟುಕೊಂಡು.

ಬ್ರಿಟನ್ನಿನಲ್ಲಿ ಸ್ಯಾಂಡ್‌ವಿಚ್ ಪದ್ಧತಿ ಊರೂರಿಗೆ ಹಬ್ಬಿದ್ದು ಎರಡನೆಯ ಮಹಾಯುದ್ಧ ಕಳೆದ ಮೇಲೆ. ರಷ್ಯಾ ಮತ್ತು ಅಮೆರಿಕ ತಯಾರಿಸುತ್ತಿದ್ದಷ್ಟು ಇಂಜಿನಿಯರುಗಳು ತಮ್ಮಲ್ಲಿ ತಯಾರಾಗುತ್ತಿಲ್ಲ ಎಂಬ ಕಳವಳ ಅಲ್ಲಿನ ಸರ್ಕಾರವನ್ನು ಕಾಡುತ್ತಿತ್ತು. 1955ರಲ್ಲಿ ರೋಲ್ಸ್ ರಾಯ್ಸ್‌ನ ಲಾರ್ಡ್ ಹೈವ್ಸ್ ಅವರ ಅಧ್ಯಕ್ಷತೆಯಲ್ಲಿ ಒಂದು ಮಂಡಳಿ ರಚನೆಯಾಯಿತು. ಅದು ನೀಡತೊಡಗಿದ ತಂತ್ರಜ್ಞಾನ ಡಿಪ್ಲೊಮಾವನ್ನು ಪದವಿಗೆ ಸಮ ಎಂದು ಒಪ್ಪಿಕೊಳ್ಳಲಾಗಿತ್ತು, ಆದರೆ ಕೈಗಾರಿಕೆಯಲ್ಲಿ ತರಬೇತಿ ಪಡೆಯದವರಿಗೆ ಅದು ಸಿಗುತ್ತಿರಲಿಲ್ಲ. 1956ರಲ್ಲಿ ತಾಂತ್ರಿಕ ಶಿಕ್ಷಣದ ಬಗ್ಗೆ ಶ್ವೇತಪತ್ರ ಹೊರಬಂತು, ಆಯ್ದ ಕಾಲೇಜುಗಳಿಗೆ ಉನ್ನತ ತಂತ್ರಜ್ಞಾನ ಕಾಲೇಜುಗಳೆಂಬ ಸ್ಥಾನ ದೊರೆಯಿತು. ಉನ್ನತ ಶಿಕ್ಷಣ ಕುರಿತ 1963ರ ರಾಬಿನ್ಸ್ ವರದಿಯ ಶಿಫಾರಸಿನಂತೆ ಆ ಕಾಲೇಜುಗಳು 1966ರ ಆಸುಪಾಸಿನಲ್ಲಿ ವಿಶ್ವವಿದ್ಯಾಲಯಗಳಾದವು. ಬಾತ್, ಸರ್ರೆ, ಆಸ್ಟನ್, ಬ್ರೂನೆಲ್, ಲಫ್‌ಬರೋ, ಬ್ರಾಡ್‌ಫರ್ಡ್, ಸಾಲ್ಫರ್ಡ್, ಲಂಡನ್ನಿನ ಸಿಟಿ, ಎಲ್ಲವೂ ಆ ಪೀಳಿಗೆಯವೇ. ಬ್ರಾಡ್‌ಫರ್ಡಿಗೆ ಮೊದಲ ಕುಲಾಧಿಪತಿಯಾಗಿ ಬಂದವರು ಆಗಿನ ಪ್ರಧಾನಿ ಹೆರಾಲ್ಡ್ ವಿಲ್ಸನ್. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳು ಈ ದಾರಿ ಹಿಡಿಯದೆ ಉಳಿದಾಗ ಇವು ಸ್ಯಾಂಡ್‌ವಿಚ್ ಪದವಿಯನ್ನೇ ತಮ್ಮ ಗುರುತಾಗಿಸಿಕೊಂಡವು. 1992ರಲ್ಲಿ ವಿಶ್ವವಿದ್ಯಾಲಯಗಳಾದ ಪಾಲಿಟೆಕ್ನಿಕ್‌ಗಳಲ್ಲೂ ಈ ಪದ್ಧತಿ ಆಳವಾಗಿಯೇ ಇತ್ತು.

ಆ ದಿನಗಳಲ್ಲಿ ಇಬ್ಬಗೆಯ ವಿದ್ಯಾರ್ಥಿಗಳಿದ್ದರು. ಒಬ್ಬ ಕಂಪನಿಯ ವಿದ್ಯಾರ್ಥಿ: ಕಂಪನಿಯೇ ಅವನನ್ನು ನೇಮಿಸಿಕೊಂಡು ಸಂಬಳ ಕೊಟ್ಟು ಓದಲು ಕಳಿಸುತ್ತಿತ್ತು. ಇನ್ನೊಬ್ಬ ಕಾಲೇಜಿನ ವಿದ್ಯಾರ್ಥಿ: ಮೊದಲು ಕಾಲೇಜಿಗೆ ಸೇರುತ್ತಿದ್ದ, ಅವನಿಗೆ ಕೆಲಸದ ಜಾಗ ಹುಡುಕುವ ಹೊಣೆ ಕಾಲೇಜಿನದಾಗಿತ್ತು. ದಶಕಗಳು ಕಳೆದಂತೆ ಮೊದಲ ಬಗೆಯವರು ಕಡಿಮೆಯಾದರು. ಈಗ ಬಹುತೇಕ ಎಲ್ಲರೂ ಮೊದಲು ವಿದ್ಯಾರ್ಥಿಗಳು. ಕೆಲಸದ ಜಾಗವನ್ನು ಹುಡುಕುವ ಹೊಣೆಯೂ ಕಾಲೇಜಿನಿಂದ ಜಾರಿ ಹೆಚ್ಚಿನಂಶ ವಿದ್ಯಾರ್ಥಿಯ ಹೆಗಲಿಗೆ ಬಂದಿದೆ. ಕಾಲೇಜು ದಾರಿ ತೋರಿಸುತ್ತದೆ, ಅಷ್ಟೆ. ಸಂಡರ್ಲ್ಯಾಂಡಿನಲ್ಲಿ ದುಡಿಮೆ ಓದನ್ನು ಹುಡುಕಿಕೊಂಡು ಬಂದಿತ್ತು, ಇಂದು ಓದು ದುಡಿಮೆಯನ್ನು ಹುಡುಕಿಕೊಂಡು ಹೊರಡಬೇಕಾಗಿದೆ. ನೂರಿಪ್ಪತ್ತು ವರ್ಷಗಳಲ್ಲಿ ಆದ ದೊಡ್ಡ ಬದಲಾವಣೆ ಇದು. ಈ ಪದ್ಧತಿಯ ಇಂದಿನ ಬಹುಪಾಲು ತೊಡಕುಗಳ ಮೂಲವೂ ಇಲ್ಲೇ ಇದೆ.

ಸ್ಯಾಂಡ್‌ವಿಚ್‌ನಲ್ಲಿ ದಪ್ಪನೆಯದು, ತೆಳ್ಳನೆಯದು ಎಂಬ ಭೇದವೂ ಇದೆ. ಇಡೀ ವರ್ಷ ಒಂದೇ ಕಡೆ ಕೆಲಸ ಮಾಡುವುದು ದಪ್ಪನೆಯದು. ಆರಾರು ತಿಂಗಳ ಕಂತುಗಳಲ್ಲಿ ಬೇರೆ ಬೇರೆ ಕಡೆ ದುಡಿಯುವುದು ತೆಳ್ಳನೆಯದು. ಬ್ರೂನೆಲ್ ಬಹುಕಾಲ ಈ ತೆಳ್ಳನೆಯದಕ್ಕೆ ಹೆಸರಾಗಿತ್ತು. ಕೊನೆಗೆ ಹೆಚ್ಚು ಕಡೆ ಉಳಿದದ್ದು ದಪ್ಪನೆಯದೇ. ಹೊಸಬನಿಗೆ ಕೆಲಸದ ರೀತಿ, ಯಂತ್ರ, ಜನ ಅರ್ಥವಾಗುವಷ್ಟರಲ್ಲಿ ಮೂರು ತಿಂಗಳು ಕಳೆದಿರುತ್ತವೆ. ಆರನೆಯ ತಿಂಗಳಿಗೆ ಅವನು ಹೊರಟುಬಿಟ್ಟರೆ ಕಲಿಸಿದವರಿಗೆ ನಷ್ಟ, ಕಲಿತವನಿಗೂ ಅರ್ಧ ಕಲಿತಂತೆ. ಸ್ಕಾಟ್ಲೆಂಡಿನಲ್ಲಿ ಆನರ್ಸ್ ಪದವಿಯೇ ನಾಲ್ಕು ವರ್ಷದ್ದಾದ್ದರಿಂದ ಪ್ಲೇಸ್‌ಮೆಂಟ್ ಸೇರಿದರೆ ಐದಾಗುತ್ತದೆ.

ಈ ವರ್ಷದ ತಯಾರಿ ಶುರುವಾಗುವುದು ಎರಡನೆಯ ವರ್ಷದ ಮೊದಲ ವಾರಗಳಲ್ಲೇ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ದೊಡ್ಡ ಕಂಪನಿಗಳು ಅರ್ಜಿ ಕರೆಯುತ್ತವೆ. ಅನೇಕವು ಕ್ರಿಸ್‌ಮಸ್ಸಿಗೆ ಮುಂಚೆಯೇ ಬಾಗಿಲು ಮುಚ್ಚುತ್ತವೆ. ಸ್ವವಿವರದ ಪುಟ, ಮನವಿ ಪತ್ರ, ಕಂಪ್ಯೂಟರ್ ಮೇಲೆ ತರ್ಕ ಮತ್ತು ಲೆಕ್ಕದ ಪರೀಕ್ಷೆ, ಕ್ಯಾಮೆರಾದ ಮುಂದೆ ಕೂತು ಉತ್ತರಿಸುವ ಸಂದರ್ಶನ, ಕೊನೆಗೆ ಇಡೀ ದಿನ ಗುಂಪಿನಲ್ಲಿ ಕೂರಿಸಿ ಪರೀಕ್ಷಿಸುವ ಸುತ್ತು. ಹತ್ತೊಂಬತ್ತರ ಹುಡುಗ ಹುಡುಗಿಯರು ಎರಡನೆಯ ವರ್ಷದ ಪಾಠದ ಜೊತೆಜೊತೆಗೇ ಇದನ್ನೆಲ್ಲ ದಾಟಬೇಕು. ಎಷ್ಟೋ ಅರ್ಜಿಗಳಿಗೆ ಉತ್ತರವೇ ಬರುವುದಿಲ್ಲ. ಚಿಕ್ಕ ಕಂಪನಿಗಳು ಮಾರ್ಚ್‌ನಿಂದ ಬೇಸಿಗೆಯವರೆಗೂ ಜಾಗ ತೆರೆಯುತ್ತಿರುತ್ತವೆ. ದೊಡ್ಡ ಹೆಸರುಗಳ ಹಿಂದೆಯೇ ಓಡಿ ಸೋತ ಅನೇಕರಿಗೆ ಕೊನೆಗೆ ಒಳ್ಳೆಯ ವರ್ಷ ಸಿಗುವುದು ಅಲ್ಲಿಯೇ. ಅಷ್ಟು ಮಾಡಿಯೂ ಸಿಗದಿದ್ದರೆ ವಿದ್ಯಾರ್ಥಿ ಸಾಮಾನ್ಯವಾಗಿ ಮೂರು ವರ್ಷದ ಮಾಮೂಲು ಪದವಿಗೆ ಬದಲಾಗಿ ನೇರವಾಗಿ ಕೊನೆಯ ವರ್ಷಕ್ಕೆ ಹೋಗುತ್ತಾನೆ.

ಜಾಗ ಸಿಕ್ಕ ಮೇಲೆ ಈ ಏರ್ಪಾಡಿನಲ್ಲಿ ಮೂವರು ಪಾಲುದಾರರು: ವಿದ್ಯಾರ್ಥಿ, ಕೆಲಸ ಕೊಟ್ಟವರು, ವಿಶ್ವವಿದ್ಯಾಲಯ. ಕೆಲಸವು ಪದವಿಯ ವಿಷಯಕ್ಕೆ ಸಂಬಂಧಿಸಿದ್ದೇ, ಜಾಗ ಸುರಕ್ಷಿತವೇ ಎಂದು ವಿಶ್ವವಿದ್ಯಾಲಯ ಮೊದಲೇ ಪರಿಶೀಲಿಸಿ ಒಪ್ಪಬೇಕು. ವರ್ಷದ ನಡುವೆ ಅಧ್ಯಾಪಕರೊಬ್ಬರು ವಿದ್ಯಾರ್ಥಿಯನ್ನು, ಅವನ ಮೇಲಧಿಕಾರಿಯನ್ನು ಭೇಟಿಯಾಗಿ ಮಾತಾಡುತ್ತಾರೆ. ಕೆಲವೊಮ್ಮೆ ಇದು ವಿಡಿಯೊ ಕರೆಯಲ್ಲೇ ನಡೆದುಹೋಗುತ್ತದೆ. ವಿದ್ಯಾರ್ಥಿ ಮಾಡಿದ ಕೆಲಸದ ದಿನಚರಿ ಇಟ್ಟು, ಕೊನೆಗೆ ವರದಿ ಒಪ್ಪಿಸಬೇಕು. ಲಫ್‌ಬರೋದಲ್ಲಿ ಇದನ್ನು ಸರಿಯಾಗಿ ಮುಗಿಸಿದವರಿಗೆ ಪದವಿಯ ಜೊತೆ ಪ್ರತ್ಯೇಕ ಡಿಪ್ಲೊಮಾ ಸಿಗುತ್ತದೆ. ಬೇರೆ ಕಡೆ ಪದವಿಯ ಹೆಸರಿನಲ್ಲೇ ಕೈಗಾರಿಕಾ ಅನುಭವದ ಉಲ್ಲೇಖ ಸೇರುತ್ತದೆ. ಈ ಮೂರನೆಯ ಪಾಲುದಾರ ಕಾಲಕಾಲಕ್ಕೆ ಬಂದು ನೋಡುತ್ತಿದ್ದರೆ ಮಾತ್ರ ಅದು ಶಿಕ್ಷಣ. ಯಾರೂ ನೋಡದಿದ್ದರೆ ಅದು ಕಡಿಮೆ ಕೂಲಿಯ ಒಂದು ವರ್ಷದ ನೌಕರಿ, ಅಷ್ಟೆ.

ಕೆಲಸದ ಸ್ವರೂಪ ವಿಷಯದಿಂದ ವಿಷಯಕ್ಕೆ ಬೇರೆ. ಡರ್ಬಿಯ ರೋಲ್ಸ್ ರಾಯ್ಸ್‌ನಲ್ಲಿ ವಿಮಾನದ ಇಂಜಿನ್ನುಗಳು, ಗೇಡನ್‌ನಲ್ಲಿ ಈಗ ಟಾಟಾ ಒಡೆತನದಲ್ಲಿರುವ ಜಾಗ್ವಾರ್ ಲ್ಯಾಂಡ್ ರೋವರ್‌ನ ಕಾರುಗಳು, ವಿಂಚೆಸ್ಟರ್ ಬಳಿಯ ಹರ್ಸ್ಲಿಯಲ್ಲಿ ಐಬಿಎಂನ ಸಾಫ್ಟ್‌ವೇರ್, ಸ್ಟೀವನೇಜ್‌ನಲ್ಲಿ ಜಿಎಸ್‌ಕೆಯ ಔಷಧ ಸಂಶೋಧನೆ: ಇಂಥ ಕಡೆ ಪ್ರತಿವರ್ಷ ವಿದ್ಯಾರ್ಥಿಗಳ ಹೊಸ ತಂಡ ಬರುತ್ತದೆ. ವಾಣಿಜ್ಯದವರು ಲೆಕ್ಕಪತ್ರ, ಮಾರಾಟ, ಸಿಬ್ಬಂದಿ ವಿಭಾಗಗಳಿಗೆ ಹೋಗುತ್ತಾರೆ. ಭಾಷೆ ಓದುವವರು ಆ ಭಾಷೆಯ ನಾಡಿಗೇ ಹೋಗುವುದು ವಾಡಿಕೆ.

ರಸಾಯನಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳ ವರ್ಷವನ್ನು ಊಹಿಸಿಕೊಂಡರೆ ಇದರ ಸಾರ ತಿಳಿಯುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಅವಳಿಗೆ ಕೊಡುವ ಪ್ರಯೋಗದ ಉತ್ತರ ಅಧ್ಯಾಪಕರಿಗೆ ಮೊದಲೇ ಗೊತ್ತು. ಮೂರು ಗಂಟೆಯಲ್ಲಿ ಮುಗಿಯುವಂತೆ ಅದನ್ನು ಹದಗೊಳಿಸಿರುತ್ತಾರೆ. ಬರಬೇಕಾದ ಫಲ ಬರದಿದ್ದರೆ ತಪ್ಪು ಅವಳದು. ಕಂಪನಿಯ ಪ್ರಯೋಗಾಲಯದಲ್ಲಿ ಉತ್ತರ ಯಾರಿಗೂ ಗೊತ್ತಿಲ್ಲ. ಒಂದೇ ಕ್ರಿಯೆಯನ್ನು ಹತ್ತು ಬಗೆಯಲ್ಲಿ ಮಾಡಿ ಒಂಬತ್ತು ಸಲ ಸೋಲುವುದು ಅಲ್ಲಿ ದಿನನಿತ್ಯದ ಮಾತು, ಸೋತದ್ದನ್ನೂ ಗೆದ್ದಷ್ಟೇ ಶ್ರದ್ಧೆಯಿಂದ ಬರೆದಿಡಬೇಕು. ಇನ್ನೊಬ್ಬರು ಆ ಪುಟ ಓದಿ ಅದೇ ಕೆಲಸವನ್ನು ಮತ್ತೆ ಮಾಡುವಂತಿರಬೇಕು. ಮೊದಲ ತಿಂಗಳು ಅವಳಿಗೆ ಸಿಗುವುದು ಸುರಕ್ಷತೆಯ ಪಾಠ, ಪಾತ್ರೆ ತೊಳೆಯುವುದು, ಪಕ್ಕದಲ್ಲಿ ನಿಂತು ನೋಡುವುದು. ಚಳಿಗಾಲದ ಹೊತ್ತಿಗೆ ಒಂದು ಯಂತ್ರವನ್ನು ಅವಳ ಪಾಲಿಗೆ ಬಿಡುತ್ತಾರೆ. ವಸಂತದಲ್ಲಿ ಸಭೆಯ ಮುಂದೆ ನಿಂತು ತನ್ನ ಫಲಿತಾಂಶ ಹೇಳುತ್ತಾಳೆ, ತನಗಿಂತ ಮೂವತ್ತು ವರ್ಷ ಹಿರಿಯರಾದವರು ಕೇಳಿದ ಪ್ರಶ್ನೆಗೆ ‘ಅದು ನನಗಿನ್ನೂ ತಿಳಿದಿಲ್ಲ, ನೋಡಿ ಹೇಳುತ್ತೇನೆ’ ಎನ್ನಲು ಕಲಿಯುತ್ತಾಳೆ. ಪರೀಕ್ಷೆಯಲ್ಲಿ ಈ ಉತ್ತರಕ್ಕೆ ಅಂಕವಿಲ್ಲ, ಆದರೆ ಕೆಲಸದ ಜಾಗದಲ್ಲಿ ಇದಕ್ಕಿಂತ ಬೆಲೆಯುಳ್ಳ ಉತ್ತರ ಅಪರೂಪ.

ಇನ್ನೂ ಒಂದು ಲಾಭವಿದೆ, ಅದನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಈ ಕೆಲಸ ತನಗೆ ಒಗ್ಗದು ಎಂದು ತಿಳಿದುಕೊಳ್ಳುವುದೂ ಆ ವರ್ಷದ ಗಳಿಕೆಯೇ. ಇಪ್ಪತ್ತನೆಯ ವಯಸ್ಸಿನಲ್ಲಿ, ಕೊನೆಯ ವರ್ಷದ ವಿಷಯಗಳನ್ನು ಆರಿಸುವ ಮುಂಚೆ, ಹನ್ನೆರಡು ತಿಂಗಳ ಬೆಲೆ ತೆತ್ತು ಅದು ತಿಳಿಯುವುದು ಮೂವತ್ತರಲ್ಲಿ ತಿಳಿಯುವುದಕ್ಕಿಂತ ಎಷ್ಟೋ ಮೇಲು.

ಇನ್ನು ದುಡ್ಡಿನ ಮಾತು. ಇಂಗ್ಲೆಂಡಿನಲ್ಲಿ ಸ್ಥಳೀಯ ವಿದ್ಯಾರ್ಥಿಗಳಿಂದ ಪ್ಲೇಸ್‌ಮೆಂಟ್ ವರ್ಷಕ್ಕೆ ಪೂರ್ಣ ಶುಲ್ಕದ ಗರಿಷ್ಠ ಮಿತಿಯ ಶೇ. 20ಕ್ಕಿಂತ ಹೆಚ್ಚು ವಸೂಲು ಮಾಡುವಂತಿಲ್ಲ. ವಾರ್ಷಿಕ ಶುಲ್ಕದ ಮಿತಿ 9,250 ಪೌಂಡ್ ಇದ್ದ ವರ್ಷಗಳಲ್ಲಿ ಅದು 1,850 ಪೌಂಡ್ ಆಗುತ್ತಿತ್ತು. ಜೀವನ ನಿರ್ವಹಣೆಗೆ ಸರ್ಕಾರ ಕೊಡುವ ಸಾಲ ಆ ವರ್ಷ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಸಂಬಳದ ವಿಷಯದಲ್ಲಿ ಒಂದು ವಿಚಿತ್ರ ಕಾನೂನಿದೆ: ಪದವಿಯ ಅಂಗವಾಗಿ ಮಾಡುವ, ಒಂದು ವರ್ಷ ಮೀರದ ಕೆಲಸಕ್ಕೆ ರಾಷ್ಟ್ರೀಯ ಕನಿಷ್ಠ ವೇತನದ ಹಕ್ಕು ಅನ್ವಯಿಸುವುದಿಲ್ಲ. ಇಂಜಿನಿಯರಿಂಗ್, ಕಂಪ್ಯೂಟರ್, ಹಣಕಾಸು ಕ್ಷೇತ್ರದ ದೊಡ್ಡ ಕಂಪನಿಗಳು ಹಾಗಿದ್ದರೂ ಒಳ್ಳೆಯ ಸಂಬಳವನ್ನೇ ಕೊಡುತ್ತವೆ. ಮಾಧ್ಯಮ, ಫ್ಯಾಷನ್, ಸೇವಾ ಸಂಸ್ಥೆಗಳಂಥ ಕಡೆ ಪ್ರಯಾಣ ಮತ್ತು ಊಟದ ಖರ್ಚನ್ನಷ್ಟೇ ಕೊಟ್ಟು ದುಡಿಸಿಕೊಳ್ಳುವುದೂ ಇದೆ. ಅಪ್ಪ ಅಮ್ಮನ ಮನೆಯಲ್ಲಿ ಉಳಿದು, ಅವರ ದುಡ್ಡಿನಲ್ಲಿ ಬದುಕಬಲ್ಲವರು ಮಾತ್ರ ಅಂಥ ಜಾಗಕ್ಕೆ ಹೋಗಬಲ್ಲರು. ಬಡವರ ಮಕ್ಕಳಿಗೆ ಅನುಭವವೆಂಬ ಮೆಟ್ಟಿಲನ್ನು ಕಾನೂನಿನ ಈ ವಿನಾಯಿತಿಯೇ ತಪ್ಪಿಸುತ್ತದೆ, ಅದು ಅನ್ಯಾಯ.

ಸಂಬಳವಿದ್ದರೂ ಆರಂಭದ ಖರ್ಚು ಕೈ ಕಚ್ಚುತ್ತದೆ. ಹೊಸ ಊರಿನಲ್ಲಿ ಮನೆಗೆ ಮುಂಗಡ, ಮೊದಲ ತಿಂಗಳ ಬಾಡಿಗೆ, ಕಚೇರಿಗೆ ತಕ್ಕ ಬಟ್ಟೆ, ಇವೆಲ್ಲ ಮೊದಲ ಸಂಬಳ ಕೈಗೆ ಬರುವ ಮುಂಚೆಯೇ ಆಗಬೇಕು. ಕಾರ್ಖಾನೆಗಳು ಊರ ಹೊರಗಿದ್ದು ಬಸ್ಸು ಅಪರೂಪವಾದ ಕಡೆ ಕಾರು ಓಡಿಸಲು ಬಾರದವರಿಗೆ ಕಷ್ಟ. ವಿದ್ಯಾರ್ಥಿಗಳ ಬಾಡಿಗೆ ಮನೆಗಳಿಗೆ ಚಳಿಗಾಲದಲ್ಲೇ ಮುಂದಿನ ವರ್ಷದ ಕರಾರು ಆಗಿಬಿಡುವುದರಿಂದ, ಪ್ಲೇಸ್‌ಮೆಂಟ್ ಸಿಗುತ್ತದೋ ಇಲ್ಲವೋ ಗೊತ್ತಿಲ್ಲದವರು ಸಹಿ ಹಾಕಲೂ ಆರದೆ ಬಿಡಲೂ ಆರದೆ ಒದ್ದಾಡುತ್ತಾರೆ. ವರ್ಷ ಕಳೆದು ಮರಳಿದಾಗ ಜೊತೆಯಲ್ಲಿ ಸೇರಿದ ಗೆಳೆಯರು ಅನೇಕರು ಪದವಿ ಮುಗಿಸಿ ಹೋಗಿರುತ್ತಾರೆ. ಹೊಸ ಮುಖಗಳ ನಡುವೆ ಕೂತು, ಸಂಬಳ ನಿಂತ ಮೇಲೆ ಮತ್ತೆ ಮಿತಿಯಲ್ಲಿ ಬದುಕುವುದು ಸುಲಭವಲ್ಲ.

ಪ್ಲೇಸ್‌ಮೆಂಟ್ ಮಾಡಿದವರು ಕೊನೆಯ ವರ್ಷದಲ್ಲಿ ಉಳಿದವರಿಗಿಂತ ಒಳ್ಳೆಯ ಅಂಕ ಪಡೆಯುತ್ತಾರೆ, ಬೇಗ ಕೆಲಸ ಹಿಡಿಯುತ್ತಾರೆ ಎಂಬುದನ್ನು ಅಲ್ಲಿನ ಅಧ್ಯಯನಗಳು ಮತ್ತೆ ಮತ್ತೆ ಕಂಡಿವೆ. ಅನೇಕರಿಗೆ ಆ ಕಂಪನಿಯಿಂದಲೇ ಮುಂದಿನ ಕೆಲಸದ ಕರೆ ಬರುತ್ತದೆ. ಆದರೆ ಈ ಲೆಕ್ಕವನ್ನು ಎಚ್ಚರದಿಂದ ಓದಬೇಕು. ಆ ಎಲ್ಲ ಸುತ್ತುಗಳನ್ನು ದಾಟಿ ಜಾಗ ಗಿಟ್ಟಿಸಿದವರು ಮೊದಲೇ ಚುರುಕಾದವರಾಗಿರುವ ಸಾಧ್ಯತೆ ಹೆಚ್ಚು. ಅಂಕ ಏರಿದ್ದರಲ್ಲಿ ವರ್ಷದ ಪಾಲೆಷ್ಟು, ಅವರ ಸ್ವಂತ ಶಕ್ತಿಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಉನ್ನತ ಶಿಕ್ಷಣ ಕುರಿತ 1997ರ ಡಿಯರಿಂಗ್ ವರದಿ ಮತ್ತು 2012ರ ವಿಲ್ಸನ್ ಪರಿಶೀಲನೆ (ಈ ವಿಲ್ಸನ್ ಹಿಂದೆ ಹೇಳಿದ ಪ್ರಧಾನಿಯಲ್ಲ) ಎರಡೂ ಕೆಲಸದ ಅನುಭವ ಹೆಚ್ಚು ವಿದ್ಯಾರ್ಥಿಗಳಿಗೆ ಸಿಗಬೇಕೆಂದು ಒತ್ತಾಯಿಸಿದವು. ಸ್ಯಾಂಡ್‌ವಿಚ್ ವಿದ್ಯಾರ್ಥಿಗಳ ಪ್ರಮಾಣ ಇಳಿಯುತ್ತಿರುವುದನ್ನು ವಿಲ್ಸನ್ ಪರಿಶೀಲನೆ ಕಳವಳದಿಂದ ಗುರುತಿಸಿತ್ತು.

ಜರ್ಮನಿ ಬೇರೆ ದಾರಿ ಹಿಡಿಯಿತು. ಸ್ಟುಟ್‌ಗಾರ್ಟ್ ಸುತ್ತಿನ ಕಂಪನಿಗಳು, ಅವುಗಳಲ್ಲಿ ಬೆಂಗಳೂರಿಗೆ ಚಿರಪರಿಚಿತವಾದ ಬಾಷ್ ಕೂಡ ಒಂದು, 1970ರ ದಶಕದ ಆರಂಭದಲ್ಲಿ ಕಟ್ಟಿದ ಮಾದರಿಯಲ್ಲಿ ವಿದ್ಯಾರ್ಥಿ ಮೊದಲು ಕಂಪನಿಯೊಂದಿಗೆ ಕರಾರು ಮಾಡಿಕೊಂಡು, ಆಮೇಲೆ ಓದಿಗೆ ಸೇರುತ್ತಾನೆ. ಸುಮಾರು ಮೂರು ಮೂರು ತಿಂಗಳಿಗೆ ಓದು ಮತ್ತು ದುಡಿಮೆ ಸರದಿಯಾಗಿ ಬರುತ್ತವೆ. ಜಾಗ ಸಿಗದೆ ಉಳಿಯುವ ಭಯ ಅಲ್ಲಿಲ್ಲ, ಏಕೆಂದರೆ ಜಾಗವಿಲ್ಲದವನಿಗೆ ಪ್ರವೇಶವೇ ಇಲ್ಲ. ಸಂಡರ್ಲ್ಯಾಂಡಿನ ಹಳೆಯ ಕ್ರಮವನ್ನು ಜರ್ಮನಿಯೇ ಉಳಿಸಿಕೊಂಡಂತಾಯಿತು.

ಭಾರತದಲ್ಲೂ ಈ ಬೀಜ ಹಳೆಯದೇ. ಪಿಲಾನಿಯ ಬಿಟ್ಸ್ ಸಂಸ್ಥೆ 1973ರಲ್ಲಿ, ಸಿ. ಆರ್. ಮಿತ್ರ ಅವರು ನಿರ್ದೇಶಕರಾಗಿದ್ದಾಗ, ಪ್ರಾಕ್ಟೀಸ್ ಸ್ಕೂಲ್ ಎಂಬ ಕ್ರಮವನ್ನು ಆರಂಭಿಸಿತು. ಎರಡನೆಯ ವರ್ಷದ ನಂತರದ ಬೇಸಿಗೆಯಲ್ಲಿ ಎರಡು ತಿಂಗಳು, ಕೊನೆಯ ವರ್ಷದಲ್ಲಿ ಐದೂವರೆ ತಿಂಗಳು ವಿದ್ಯಾರ್ಥಿಗಳು ಕೈಗಾರಿಕೆಯಲ್ಲಿ ಕಳೆಯುತ್ತಾರೆ. ಜಾಗವನ್ನು ಹೊಂದಿಸುವುದು ಸಂಸ್ಥೆಯ ಕೆಲಸ, ಮೌಲ್ಯಮಾಪನಕ್ಕೆ ಅಧ್ಯಾಪಕರೂ ಜೊತೆಗಿರುತ್ತಾರೆ. ಕೊಯಮತ್ತೂರಿನ ಪಿಎಸ್‌ಜಿ ತಂತ್ರಜ್ಞಾನ ಕಾಲೇಜಿನಲ್ಲಿ ಐದು ವರ್ಷದ ಸ್ಯಾಂಡ್‌ವಿಚ್ ಬಿ.ಇ. ಅದೇ ಹೆಸರಿನಿಂದಲೇ ನಡೆದು ಬಂದಿದೆ. ಕರ್ನಾಟಕದ ಮಟ್ಟಿಗೆ ಇದಕ್ಕೆ ಒಳ್ಳೆಯ ಉದಾಹರಣೆ ಡಿಪ್ಲೊಮಾ ಹಂತದ್ದು. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದಲ್ಲಿ (ಜನರ ಬಾಯಲ್ಲಿ ಜಿಟಿಟಿಸಿ) ಟೂಲ್ ಅಂಡ್ ಡೈ ಡಿಪ್ಲೊಮಾಕ್ಕೆ ಮೂರು ವರ್ಷ ಕೇಂದ್ರದೊಳಗಿನ ಕಲಿಕೆ, ಒಂದು ವರ್ಷ ಕಾರ್ಖಾನೆಯ ತರಬೇತಿ. ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ಹಳ್ಳಿಯ ಹುಡುಗರು ಆ ಕೊನೆಯ ವರ್ಷದಲ್ಲಿ ಮೈಕ್ರಾನ್ ಅಳತೆಯ ಅಚ್ಚು ಕೊರೆಯುವುದನ್ನು ಕಲಿತು ಹೊರಬರುತ್ತಾರೆ. ಬಿ.ಎ., ಬಿ.ಕಾಂ. ಪದವಿಗಳೊಳಗೂ ಒಂದರಿಂದ ಮೂರು ಸೆಮಿಸ್ಟರ್‌ಗಳ ಅಪ್ರೆಂಟಿಸ್ ತರಬೇತಿ ಸೇರಿಸಲು ಯುಜಿಸಿ ಈಗ ಮಾರ್ಗಸೂಚಿ ಕೊಟ್ಟಿದೆ. ಅದು ಫಲ ಕೊಡುವುದು ಕಾಲೇಜುಗಳು ಜಾಗ ಹುಡುಕುವ ಹೊಣೆಯನ್ನು ತಾವೇ ಹೊತ್ತಾಗ. ಸಾಗರದಲ್ಲೋ ಸಿಂಧನೂರಿನಲ್ಲೋ ಓದುವ ಹುಡುಗಿಗೆ ‘ನೀನೇ ಹುಡುಕಿಕೋ’ ಎಂದರೆ ಅವಳಿಗೆ ಸಿಗುವುದು ಮುದ್ರೆ ಒತ್ತಿದ ಒಂದು ಪ್ರಮಾಣಪತ್ರ ಮಾತ್ರ.

ಬ್ರಿಟನ್ನಿಗೆ ಓದಲು ಹೋಗುವ ಕರ್ನಾಟಕದ ವಿದ್ಯಾರ್ಥಿಗಳಿಗೆ ಈ ವಿಷಯ ಇನ್ನೂ ಹತ್ತಿರದ್ದು. ಸ್ನಾತಕೋತ್ತರ ಪದವಿಗಳಲ್ಲೂ ‘ಪ್ಲೇಸ್‌ಮೆಂಟ್ ಸಹಿತ’ ಎಂಬ ಎರಡು ವರ್ಷದ ಕೋರ್ಸುಗಳಿವೆ. ವಿದ್ಯಾರ್ಥಿ ವೀಸಾದ ನಿಯಮದಂತೆ ಪ್ಲೇಸ್‌ಮೆಂಟ್ ಕೋರ್ಸಿನ ಅಂಗವಾಗಿದ್ದು ಮೌಲ್ಯಮಾಪನಕ್ಕೆ ಒಳಪಡಬೇಕು, ಪದವಿ ಮಟ್ಟದಲ್ಲಿ ಅದು ಕೋರ್ಸಿನ ಒಟ್ಟು ಅವಧಿಯ ಅರ್ಧವನ್ನು ಮೀರಬಾರದು. ಶುಲ್ಕಕ್ಕೆ ಶೇ. 20ರ ಆ ಮಿತಿ ವಿದೇಶಿ ವಿದ್ಯಾರ್ಥಿಗಳಿಗೆ ಅನ್ವಯಿಸುವುದಿಲ್ಲ. ಆ ವರ್ಷಕ್ಕೆ ಎಷ್ಟು ಎಂಬುದನ್ನು ಆಯಾ ವಿಶ್ವವಿದ್ಯಾಲಯವೇ ಗೊತ್ತುಮಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರವೇಶ ಪತ್ರದಲ್ಲಿ ಆ ಮಾತು ಇದ್ದ ಮಾತ್ರಕ್ಕೆ ಕೆಲಸದ ಜಾಗ ಕಾದಿಟ್ಟಿದೆ ಎಂದಲ್ಲ. ಹುಡುಕಬೇಕಾದವರು ವಿದ್ಯಾರ್ಥಿಯೇ. ಅಲ್ಲಿಗೆ ಕಾಲಿಟ್ಟ ಕೆಲವೇ ವಾರಗಳಲ್ಲಿ, ಆ ನಾಡಿನ ಮಾತಿನ ರೀತಿ ಕಿವಿಗೆ ಹೊಂದುವ ಮೊದಲೇ, ಅವರು ಸ್ಥಳೀಯರೊಡನೆ ಸ್ಪರ್ಧಿಸಬೇಕು.

ಆದ್ದರಿಂದ ಮಗನನ್ನೋ ಮಗಳನ್ನೋ ಅಂಥ ಕೋರ್ಸಿಗೆ ಕಳಿಸುವ ತಂದೆ ತಾಯಿ ಬ್ಯಾಂಕಿನ ಸಾಲಕ್ಕೆ ಸಹಿ ಹಾಕುವ ಮೊದಲು ವಿಶ್ವವಿದ್ಯಾಲಯಕ್ಕೇ ಇಮೇಲ್ ಬರೆದು ಕೇಳಬೇಕು: ಕಳೆದ ವರ್ಷ ಈ ಕೋರ್ಸಿಗೆ ಸೇರಿದ ವಿದೇಶಿ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಜಾಗ ಸಿಕ್ಕಿತು? ಸಿಗದವರು ಆ ಅವಧಿಯಲ್ಲಿ ಏನು ಮಾಡಿದರು, ಅವರ ವೀಸಾ ಮತ್ತು ಶುಲ್ಕ ಏನಾಯಿತು? ಉತ್ತರ ಬರಹದಲ್ಲಿ ಬರಲಿ. ಏಜೆಂಟರ ಬಾಯಿಮಾತನ್ನು ನಂಬಿ ಹಣ ಕಟ್ಟಬೇಡಿ.